ಮೂಗು ಸೋತಲ್ಲಿ ಪೊರೆಯ ಕಾವಲು

೧೯೭೫ನೆಯ ಇಸವಿ ಜುಲೈ ೨೪. ಹವಾಯಿ ದ್ವೀಪಗಳ ಸಮೀಪದಲ್ಲಿ, ಪೆಸಿಫಿಕ್ ಸಾಗರದ ಮೇಲೆ, ಅಮೆರಿಕದ ಅಪೊಲೊ ನೌಕೆಯೊಂದು ಆಕಾಶದಿಂದ ಇಳಿದುಬರುತ್ತಿತ್ತು. ಅದರೊಳಗಿದ್ದವರು ಮೂವರು: ಥಾಮಸ್ ಸ್ಟ್ಯಾಫರ್ಡ್, ವ್ಯಾನ್ಸ್ ಬ್ರ್ಯಾಂಡ್ ಮತ್ತು ಡೊನಾಲ್ಡ್ ಸ್ಲೇಟನ್. ಒಂದು ವಾರದ ಹಿಂದೆಯಷ್ಟೇ ಅವರು ಅಂತರಿಕ್ಷದಲ್ಲಿ ತಮ್ಮ ನೌಕೆಯನ್ನು ರಷ್ಯದ ಸೊಯೂಜ್ ನೌಕೆಯೊಡನೆ ಜೋಡಿಸಿ, ಅಲ್ಲಿನ ಯಾನಿಗಳ ಕೈಕುಲುಕಿ, ಲೋಕದ ಮೆಚ್ಚುಗೆಗೆ ಪಾತ್ರರಾಗಿದ್ದರು. ಒಂಬತ್ತು ದಿನಗಳ ಯಾತ್ರೆ ಮುಗಿಯಲು ಉಳಿದಿದ್ದುದು ಕೆಲವೇ ನಿಮಿಷಗಳು.

ಆ ಕೆಲವು ನಿಮಿಷಗಳಲ್ಲಿಯೇ ವಿಪತ್ತು ಹೊಂಚಿ ಕುಳಿತಿತ್ತು. ಕಿವಿಗೆ ತೊಟ್ಟ ಉಪಕರಣದಲ್ಲಿ ಎದ್ದ ಕೀಚಲು ಸದ್ದಿನಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಲಿಲ್ಲ. ಇಳಿಯುವ ಕಾರ್ಯವನ್ನು ತಾನಾಗಿ ನಡೆಸಬೇಕಾಗಿದ್ದ ಸ್ವಿಚ್ಚುಗಳನ್ನು ಸಕಾಲದಲ್ಲಿ ಒತ್ತಲಾಗಲಿಲ್ಲ. ಧುಮುಕುಕೊಡೆಗಳನ್ನು ಕೈಯಿಂದಲೇ ಬಿಚ್ಚಬೇಕಾಯಿತು. ನೌಕೆ ತೂಗಾಡತೊಡಗಿತು, ಅದನ್ನು ನೆಟ್ಟಗೆ ನಿಲ್ಲಿಸಲೆಂದು ಅದರ ಮೈಮೇಲಿನ ಚಿಕ್ಕ ರಾಕೆಟ್ಟುಗಳು ತಾವಾಗಿಯೇ ಉರಿದವು. ಅದೇ ಹೊತ್ತಿಗೆ ಹೊರಗಿನ ಗಾಳಿಯನ್ನು ಒಳಕ್ಕೆ ಬಿಡುವ ಕವಾಟ ತೆರೆದುಕೊಂಡಿತು. ಗಾಳಿಯೊಡನೆ ನೈಟ್ರೋಜನ್ ಟೆಟ್ರಾಕ್ಸೈಡ್ ಎಂಬ ರಾಕೆಟ್ ದ್ರವದ ವಿಷದ ಆವಿಯೂ ಒಳನುಗ್ಗಿತು.

ಕಣ್ಣು ಉರಿಯಿತು, ಗಂಟಲು ಕಟ್ಟಿತು, ಕೆಮ್ಮು ಒತ್ತರಿಸಿ ಬಂದಿತು. ನೌಕೆ ಸಮುದ್ರಕ್ಕೆ ಬಿದ್ದು ತಲೆಕೆಳಗಾಯಿತು. ಸ್ಟ್ಯಾಫರ್ಡ್ ಹೇಗೋ ಪಟ್ಟಿಗಳನ್ನು ಬಿಚ್ಚಿಕೊಂಡು ಆಮ್ಲಜನಕದ ಮುಖವಾಡಗಳನ್ನು ತಂದು ಹಂಚಿದರು. ಬ್ರ್ಯಾಂಡ್ ಆ ವೇಳೆಗೆ ಎಚ್ಚರ ತಪ್ಪಿದ್ದರು. ಸ್ಟ್ಯಾಫರ್ಡ್ ಅವರ ಮುಖಕ್ಕೆ ಮುಖವಾಡವನ್ನು ಒತ್ತಿ ಹಿಡಿದ ಮೇಲೆ ಅವರಿಗೆ ಮತ್ತೆ ಪ್ರಜ್ಞೆ ಬಂದಿತು. ಮೂವರೂ ಹೊನೊಲುಲುವಿನ ಆಸ್ಪತ್ರೆ ಸೇರಿದರು, ಮೂವರೂ ಗುಣಮುಖರಾದರು.

ಆ ದಿನದ ವಿಷಕ್ಕೆ ಕಣ್ಣಿಗೆ ಕಾಣುವ ಬಣ್ಣವಿತ್ತು. ಮೂಗಿಗೆ ತಿಳಿಯುವ ಘಾಟು ಇತ್ತು. ನೌಕೆಯ ಹೊರಗೆ ಭೂಮಿಯ ಶುದ್ಧ ಗಾಳಿಯಿತ್ತು. ಈ ಮೂರೂ ಇಲ್ಲದ ಕಡೆಯಲ್ಲಿ, ಬಣ್ಣವಿಲ್ಲದ, ವಾಸನೆಯಿಲ್ಲದ ಆವಿಯೊಂದು ಮುಚ್ಚಿದ ಕೋಣೆಯಲ್ಲಿ ಮೆಲ್ಲಮೆಲ್ಲನೆ ಹರಡಿದರೆ ಅದನ್ನು ಮೊದಲು ಅರಿಯುವವರಾರು? ಈ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡ ಉತ್ತರಗಳಲ್ಲಿ ಒಂದು ಅತಿ ಸರಳವಾದುದು, ಅತಿ ತೆಳುವಾದುದು: ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಪ್ಲಾಸ್ಟಿಕ್ ಜಾತಿಯ ಒಂದು ಪೊರೆ.

ನಂಬಲಾಗದ ಕಾವಲುಗಾರ

ಮನುಷ್ಯನ ಮೂಗು ಅದ್ಭುತವಾದ ಅಂಗವೆಂಬುದರಲ್ಲಿ ಸಂದೇಹವಿಲ್ಲ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಬಾಯಲ್ಲಿ ನೀರೂರುತ್ತದೆ. ಹಾಲು ಸೀದ ಸುಳಿವು ಅಡಿಗೆಮನೆಯಿಂದ ಜಗಲಿಯವರೆಗೂ ಬರುತ್ತದೆ. ಆದರೆ ಪ್ರಾಣ ಕಾಯುವ ಕೆಲಸಕ್ಕೆ ಮೂಗನ್ನೇ ನೆಚ್ಚಿ ಕೂರುವಂತಿಲ್ಲ. ಅದಕ್ಕೆ ಮೂರು ದೋಷಗಳಿವೆ.

ಮೊದಲನೆಯದು, ಕೆಲವು ವಿಷಗಳು ಅದಕ್ಕೆ ತಿಳಿಯುವುದೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಿಗ್ಗೆ ಏಳದೆ ಹೋದ ಸಂಗತಿಗಳನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಅವರನ್ನು ಕೊಂದ ಇಂಗಾಲದ ಮಾನಾಕ್ಸೈಡಿಗೆ ವಾಸನೆಯೆಂಬುದೇ ಇಲ್ಲ. ಎರಡನೆಯದು, ಮೂಗು ಬೇಗನೆ ದಣಿಯುತ್ತದೆ. ಊದುಬತ್ತಿ ಹಚ್ಚಿದ ಕೋಣೆಗೆ ಹೊರಗಿನಿಂದ ಬಂದವರಿಗೆ ಪರಿಮಳ ಗಮ್ಮೆನ್ನುತ್ತದೆ. ಅಲ್ಲಿಯೇ ಕುಳಿತವರಿಗೆ ಅದರ ಅರಿವಿರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಭಯಂಕರ: ಕೆಲವು ವಿಷಗಳು ಮೊದಲು ಮೂಗನ್ನೇ ಕೊಲ್ಲುತ್ತವೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅತ್ಯಲ್ಪವಿದ್ದಾಗಲೂ ಮೂಗಿಗೆ ತಿಳಿಯುತ್ತದೆ. ಅದು ಹೆಚ್ಚುತ್ತ ಹೋಗಿ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು ನೂರು ಪಾಲು ಮುಟ್ಟಿದರೆ ವಾಸನೆ ಅರಿಯುವ ಶಕ್ತಿಯೇ ಉಡುಗುತ್ತದೆ. ನಾತ ಹೋಯಿತು, ಅಪಾಯ ಕಳೆಯಿತು ಎಂದು ಮನಸ್ಸು ಹೇಳುವ ಹೊತ್ತಿಗೆ ಅಪಾಯ ಹತ್ತಿರ ಬಂದಿರುತ್ತದೆ. ನಮ್ಮ ನಗರಗಳ ಒಳಚರಂಡಿಯ ಗುಂಡಿಗೆ ಇಳಿದ ಒಬ್ಬನನ್ನು ಎತ್ತಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿದು ಎಲ್ಲರೂ ಮಡಿದ ದುರಂತಗಳಲ್ಲಿ ಈ ಅನಿಲದ ಕೈವಾಡವೇ ಹೆಚ್ಚು.

ಮೂಗಿಗೆ ನೆರವಾಗಲೆಂದು ಮನುಷ್ಯ ಅನಿಲಕ್ಕೇ ವಾಸನೆ ಬೆರೆಸಿದ್ದೂ ಉಂಟು. ೧೯೩೭ರ ಮಾರ್ಚ್ ೧೮ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ ತುಂಬಿಕೊಂಡು ಸ್ಫೋಟಿಸಿತು. ಮಕ್ಕಳೂ ಉಪಾಧ್ಯಾಯರೂ ಸೇರಿ ಮುನ್ನೂರರ ಸಮೀಪ ಜನ ಮಡಿದರು. ಉರಿಸುವ ಅನಿಲಕ್ಕೆ ದುರ್ವಾಸನೆ ಬೆರೆಸಬೇಕೆಂಬ ಕಾನೂನು ಆ ದುಃಖದಿಂದ ಹುಟ್ಟಿತು. ಇಂದು ನಮ್ಮ ಅಡಿಗೆಮನೆಯ ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವುದು ಅನಿಲದ ವಾಸನೆಯಲ್ಲ. ಅದರೊಡನೆ ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ ಎಂಬ ವಸ್ತುವಿನದು.

ವಾಸನೆ ಬೆರೆಸಲಾಗದ ಕಡೆ ಮನುಷ್ಯ ಹಕ್ಕಿಯ ಮೊರೆ ಹೊಕ್ಕನು. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಸ್ಫೋಟವಾದ ಮೇಲೆ ತುಂಬಿಕೊಳ್ಳುತ್ತಿದ್ದ ವಿಷಾನಿಲವನ್ನು ಅರಿಯಲು ಕ್ಯಾನರಿ ಎಂಬ ಪುಟ್ಟ ಹಕ್ಕಿಯನ್ನು ಪಂಜರದಲ್ಲಿ ಕೊಂಡೊಯ್ಯಿರೆಂದು ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಸೂಚಿಸಿದ್ದರು. ಹಕ್ಕಿಯ ಉಸಿರಾಟ ಚುರುಕು, ಮೈ ಚಿಕ್ಕದು. ಆದುದರಿಂದ ಮನುಷ್ಯನಿಗಿಂತ ಮೊದಲೇ ಅದು ತೂಗಾಡಿ ಬೀಳುತ್ತಿತ್ತು. ಆ ಮೂಕ ಜೀವಿಗಳಿಗೆ ಆ ಕೆಲಸದಿಂದ ಬಿಡುಗಡೆ ದೊರೆತದ್ದು ೧೯೮೬ರಲ್ಲಿ.

ಕಿಟಕಿಯಿಲ್ಲದ ಮನೆ

ಭೂಮಿಯ ಮೇಲಿನ ಮನೆಯಲ್ಲಿ ಘಾಟು ಎದ್ದರೆ ಕಿಟಕಿ ಬಾಗಿಲುಗಳನ್ನು ತೆರೆಯಬಹುದು. ಅಂತರಿಕ್ಷದ ಮನೆಗೆ ತೆರೆಯುವ ಕಿಟಕಿಯಿಲ್ಲ. ಅಲ್ಲಿ ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ ಮತ್ತೆ ಸೇದಬೇಕು. ತಂತಿಯ ಹೊದಿಕೆ, ಅಂಟು, ಬಣ್ಣ, ಯಂತ್ರಗಳ ತಂಪುದ್ರವ, ಒರೆಸುವ ಬಟ್ಟೆಯ ಸ್ಪಿರಿಟ್ಟು ಎಲ್ಲವೂ ಆ ಗಾಳಿಗೆ ತಮ್ಮ ತಮ್ಮ ಆವಿಯನ್ನು ಸೇರಿಸುತ್ತಲೇ ಇರುತ್ತವೆ. ಸೇರುವ ಪ್ರಮಾಣ ಅತ್ಯಲ್ಪವೇ ಆದರೂ ಅದನ್ನು ತಿಂಗಳುಗಟ್ಟಲೆ ಉಸಿರಾಡಬೇಕಾದವರಿಗೆ ಅದು ಅಲ್ಪವಲ್ಲ.

ಹಿಂದೆ ಇದಕ್ಕಿದ್ದ ಉಪಾಯವೆಂದರೆ, ಯಾನಿಗಳು ಪಾತ್ರೆಗಳಲ್ಲಿ ನೌಕೆಯ ಗಾಳಿಯನ್ನು ತುಂಬಿ ಭೂಮಿಗೆ ತರುವುದು. ಇಲ್ಲಿನ ಪ್ರಯೋಗಶಾಲೆಯಲ್ಲಿ ದೊಡ್ಡ ಯಂತ್ರಗಳಿಂದ ಅದನ್ನು ಪರೀಕ್ಷಿಸುವುದು. ಪರೀಕ್ಷೆಯೇನೋ ನಿಖರವಾದುದು, ಆದರೆ ಅದರ ಫಲಿತಾಂಶ ತಿಳಿಯುವ ಹೊತ್ತಿಗೆ ಆ ಗಾಳಿಯನ್ನು ಸೇವಿಸಿ ಎಷ್ಟೋ ದಿನಗಳಾಗಿರುತ್ತಿದ್ದವು. ಹಗಲಿರುಳೂ ಎಚ್ಚರವಿದ್ದು, ಗಾಳಿ ಕೆಟ್ಟ ಕೆಲವೇ ನಿಮಿಷಗಳಲ್ಲಿ ಸೂಚನೆ ಕೊಡಬಲ್ಲ, ಸ್ಥಳವನ್ನೂ ವಿದ್ಯುತ್ತನ್ನೂ ಹೆಚ್ಚು ಬೇಡದ ಸಣ್ಣ ಕಾವಲುಗಾರನೊಬ್ಬನು ಬೇಕಾಗಿದ್ದನು. ಅಂತಹ ಕಾವಲುಗಾರನನ್ನು ಕಟ್ಟುವ ಕೆಲಸ ಕ್ಯಾಲಿಫೋರ್ನಿಯದ ಪಸಡೀನ ನಗರದಲ್ಲಿ ನಡೆಯಿತು.

ಇಂಗಿನ ಡಬ್ಬಿಯ ಪಾಠ

ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಂಗನ್ನು ಕೆಲವು ದಿನ ಇಟ್ಟಿದ್ದ ಗೃಹಿಣಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಡಬ್ಬಿಯನ್ನು ಎಷ್ಟು ಸಲ ತಿಕ್ಕಿ ತೊಳೆದರೂ ಇಂಗಿನ ವಾಸನೆ ಬಿಡುವುದಿಲ್ಲ. ಸ್ಟೀಲಿನ ಡಬ್ಬಿಗೆ ಈ ಬಾಧೆ ಅಷ್ಟಾಗಿ ಇಲ್ಲ. ಕಾರಣವೇನೆಂದರೆ, ಪ್ಲಾಸ್ಟಿಕ್ ಎಂಬುದು ಗಟ್ಟಿಯಾಗಿ ಕಂಡರೂ ಒಳಗೆ ಉದ್ದುದ್ದನೆಯ ಅಣುಸರಪಳಿಗಳ ಸಿಕ್ಕು. ಇಂತಹ ಸರಪಳಿಯ ವಸ್ತುಗಳಿಗೆ ಪಾಲಿಮರ್ ಎಂದು ಹೆಸರು. ಹತ್ತಿಯ ಹಿಂಜಿನಲ್ಲಿ ನೀರು ಸೇರಿಕೊಳ್ಳುವಂತೆ, ಈ ಸಿಕ್ಕಿನ ಸಂದುಗಳಲ್ಲಿ ಆವಿಯ ಅಣುಗಳು ನುಸುಳಿ ಕುಳಿತುಕೊಳ್ಳುತ್ತವೆ. ಕುಳಿತಾಗ ಪಾಲಿಮರ್ ಎಳ್ಳಷ್ಟು ಉಬ್ಬುತ್ತದೆ. ಮಳೆಗಾಲದಲ್ಲಿ ತೇವ ಕುಡಿದ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದೂ ಇದೇ ಬಗೆಯ ವ್ಯಾಪಾರ.

ಅಡಿಗೆಮನೆಯಲ್ಲಿ ತೊಂದರೆಯಾದ ಈ ಗುಣವನ್ನೇ ವಿಜ್ಞಾನಿಗಳು ಉಪಕಾರಿಯಾಗಿ ಮಾಡಿಕೊಂಡರು. ಆದರೆ ಕಣ್ಣಿಗೆ ಕಾಣದ ಆ ಉಬ್ಬನ್ನು ಅಳೆಯುವುದು ಹೇಗೆ? ೧೯೯೫-೯೬ರ ಸುಮಾರಿನಲ್ಲಿ ಪಸಡೀನದ ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯ ರಸಾಯನ ವಿಜ್ಞಾನಿ ನೇಥನ್ ಲೂಯಿಸ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಸುಲಭವಾದ ದಾರಿಯನ್ನು ತೋರಿಸಿದರು.

ಸಾಧಾರಣ ಪಾಲಿಮರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದುದರಿಂದಲೇ ವಿದ್ಯುತ್ ತಂತಿಗೆ ಪ್ಲಾಸ್ಟಿಕ್ಕಿನ ಹೊದಿಕೆ. ಪಾಲಿಮರನ್ನು ಕರಗಿಸಿ, ಅದರಲ್ಲಿ ದೀಪದ ಮಸಿಯಂತಹ ಇಂಗಾಲದ ನುಣ್ಣನೆಯ ಪುಡಿಯನ್ನು ಬೆರೆಸಿ, ಎರಡು ಲೋಹದ ಪಟ್ಟಿಗಳ ನಡುವೆ ತೆಳುವಾದ ಪೊರೆಯಾಗಿ ಹರಡಿ ಒಣಗಿಸುತ್ತಾರೆ. ಇಂಗಾಲದ ಕಣಗಳಲ್ಲಿ ವಿದ್ಯುತ್ತು ಹರಿಯಬಲ್ಲುದು. ಹೊಳೆ ದಾಟಲು ಹಾಸಿದ ಕಲ್ಲುಗಳ ಮೇಲೆ ಹೆಜ್ಜೆಯಿಡುತ್ತ ದಾರಿಹೋಕನು ಆಚೆ ದಡ ಸೇರುವಂತೆ, ವಿದ್ಯುತ್ತು ಕಣದಿಂದ ಕಣಕ್ಕೆ ದಾಟಿ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಹೋಗುತ್ತದೆ. ಈಗ ಆವಿ ಬಂದು ಪೊರೆಯೊಳಗೆ ಸೇರಿತೆನ್ನೋಣ. ಪೊರೆ ಉಬ್ಬುತ್ತದೆ, ಕಲ್ಲುಗಳು ಒಂದರಿಂದೊಂದು ದೂರ ಸರಿಯುತ್ತವೆ. ಕೆಲವು ಕಡೆ ದಾಟುವ ದಾರಿಯೇ ಕಡಿಯುತ್ತದೆ. ವಿದ್ಯುತ್ತಿನ ಹರಿವಿಗೆ ತಡೆ ಹೆಚ್ಚುತ್ತದೆ. ಆ ತಡೆಯನ್ನು ಅಳೆದರೆ ಸಾಕು. ಆವಿ ಬಂದಿತೆಂಬುದೂ ಎಷ್ಟು ಬಂದಿತೆಂಬುದೂ ತಿಳಿಯುತ್ತದೆ. ಶುದ್ಧ ಗಾಳಿ ಬೀಸಿದಾಗ ಆವಿ ಹೊರಟುಹೋಗಿ, ಪೊರೆ ಕುಗ್ಗಿ, ಕಲ್ಲುಗಳು ಮತ್ತೆ ಹತ್ತಿರ ಬರುತ್ತವೆ. ಕ್ಯಾನರಿ ಹಕ್ಕಿ ಒಮ್ಮೆ ಬಿದ್ದರೆ ಏಳದೆ ಹೋಗಬಹುದಾಗಿತ್ತು; ಈ ಪೊರೆ ಬಿದ್ದು ಬಿದ್ದು ಏಳಬಲ್ಲುದು.

ಒಂದು ಸ್ವರದಿಂದ ರಾಗ ತಿಳಿಯದು

ಇಷ್ಟಾದರೂ ಒಂದು ತೊಡಕು ಉಳಿಯಿತು. ಪೊರೆ ಉಬ್ಬಿತು ಸರಿ. ಉಬ್ಬಿಸಿದ ಆವಿ ಯಾವುದು? ಒಂದೇ ಪೊರೆ ಹಲವು ಆವಿಗಳಿಗೆ ಉಬ್ಬುತ್ತದೆ. ಸ್ಪಿರಿಟ್ಟು ಬಂದರೂ ಉಬ್ಬು, ಬೆಂಜೀನ್ ಬಂದರೂ ಉಬ್ಬು, ಬರಿಯ ನೀರಾವಿಗೂ ಉಬ್ಬು.

ಪ್ರಕೃತಿ ಇದಕ್ಕೆ ಉತ್ತರವನ್ನು ಮನುಷ್ಯನ ಮೂಗಿನಲ್ಲಿಯೇ ಇಟ್ಟಿತ್ತು. ೧೯೯೧ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ಅಮೆರಿಕದ ವಿಜ್ಞಾನಿಗಳು ವಾಸನೆ ಹಿಡಿಯುವ ಗ್ರಾಹಕಗಳ ದೊಡ್ಡ ಬಳಗವನ್ನು ಪತ್ತೆಹಚ್ಚಿದರು. ೨೦೦೪ರಲ್ಲಿ ಅದಕ್ಕಾಗಿ ನೊಬೆಲ್ ಪಾರಿತೋಷಕ ಪಡೆದರು. ಮನುಷ್ಯನಲ್ಲಿ ಇಂತಹ ಗ್ರಾಹಕಗಳ ಬಗೆಗಳು ಸುಮಾರು ನಾನೂರು ಮಾತ್ರ. ನಾವು ಗುರುತಿಸುವ ವಾಸನೆಗಳಾದರೋ ಅದಕ್ಕಿಂತ ಎಷ್ಟೋ ಹೆಚ್ಚು. ಮಲ್ಲಿಗೆಗೊಂದು, ಸಂಪಿಗೆಗೊಂದು ಎಂದು ಬೇರೆ ಬೇರೆ ಗ್ರಾಹಕಗಳಿಲ್ಲ. ಒಂದೊಂದು ವಾಸನೆಯೂ ಹಲವು ಗ್ರಾಹಕಗಳನ್ನು ಒಟ್ಟಿಗೆ ತಟ್ಟುತ್ತದೆ. ಯಾವುದನ್ನು ಎಷ್ಟು ತಟ್ಟಿತೆಂಬ ಒಟ್ಟು ವಿನ್ಯಾಸವನ್ನು ಮಿದುಳು ಓದಿಕೊಳ್ಳುತ್ತದೆ. ಸಂಗೀತದಲ್ಲಿ ಒಂದೇ ಸ್ವರ ಕೇಳಿ ರಾಗವನ್ನು ಹೇಳಲಾಗುವುದಿಲ್ಲ. ಯಾವ ಸ್ವರಗಳು ಹೇಗೆ ಕೂಡಿ ಬಂದುವೆಂಬುದನ್ನು ಕೇಳಿದ ಮೇಲೆ ಇದು ಕಲ್ಯಾಣಿ, ಇದು ತೋಡಿ ಎಂದು ರಸಿಕನು ಗುರುತಿಸುತ್ತಾನೆ. ವಾಸನೆಯ ಕಥೆಯೂ ಹೀಗೆಯೇ.

ಈ ಬಗೆಯ ಯಂತ್ರನಾಸಿಕವೊಂದನ್ನು ಕಟ್ಟಬಹುದೆಂದು ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ೧೯೮೨ರಲ್ಲಿಯೇ ಲೋಹದ ಆಕ್ಸೈಡಿನ ಸಂವೇದಕಗಳನ್ನು ಬಳಸಿ ತೋರಿಸಿದ್ದರು. ಪಾಲಿಮರ್ ಪೊರೆಗಳಿಗೆ ಆ ಉಪಾಯ ಚೆನ್ನಾಗಿ ಒಪ್ಪಿತು. ಏಕೆಂದರೆ ಪಾಲಿಮರುಗಳಲ್ಲಿ ನೂರಾರು ಬಗೆ. ಕೈಗಂಟಿದ ಜಿಡ್ಡು ನೀರಿಗೆ ಬಿಡುವುದಿಲ್ಲ, ಸೀಮೆಎಣ್ಣೆಗೆ ಬಿಡುತ್ತದೆ. ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗೆಯೇ ಎಣ್ಣೆಯ ಸ್ವಭಾವದ ಪಾಲಿಮರ್ ಬೆಂಜೀನಿನಂತಹ ಆವಿಯನ್ನು ಬೇಗ ಒಳಗೊಳ್ಳುತ್ತದೆ. ನೀರಿನ ಗೆಳೆತನವುಳ್ಳ ಪಾಲಿಮರ್ ಸ್ಪಿರಿಟ್ಟನ್ನು ಬರಮಾಡಿಕೊಳ್ಳುತ್ತದೆ. ಬೇರೆ ಬೇರೆ ಸ್ವಭಾವದ ಪೊರೆಗಳನ್ನು ಸಾಲಾಗಿ ಇಟ್ಟರೆ ಒಂದೊಂದು ಆವಿಯೂ ತನ್ನದೇ ಆದ ವಿನ್ಯಾಸವನ್ನು ಬರೆಯುತ್ತದೆ. ಆ ವಿನ್ಯಾಸಗಳನ್ನು ಮೊದಲೇ ಗಣಕಯಂತ್ರಕ್ಕೆ ಕಲಿಸಿಟ್ಟಿದ್ದರೆ ಅದು ಹೋಲಿಸಿ ನೋಡಿ ಹೆಸರು ಹೇಳುತ್ತದೆ.

ಆಕಾಶದಲ್ಲಿ ಅಗ್ನಿಪರೀಕ್ಷೆ

ಅಮೆರಿಕದ ಅಂತರಿಕ್ಷ ಸಂಸ್ಥೆಗಾಗಿ ಪಸಡೀನದಲ್ಲಿಯೇ ನಡೆಯುತ್ತಿರುವ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಏಮಿ ರಯಾನ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ಈ ಯಂತ್ರನಾಸಿಕ ರೂಪುಗೊಂಡಿತು. ಕೈಯಲ್ಲಿ ಹಿಡಿದೊಯ್ಯಬಹುದಾದ ಚಿಕ್ಕ ಪೆಟ್ಟಿಗೆ. ಅದರೊಳಗೆ ಇಂಗಾಲ ಬೆರೆತ ಪಾಲಿಮರ್ ಪೊರೆಗಳ ೩೨ ಸಂವೇದಕಗಳು. ನೌಕೆಯ ಗಾಳಿಯನ್ನು ಎಳೆದು ಅವುಗಳ ಮೇಲೆ ಹಾಯಿಸಲು ಒಂದು ಪುಟ್ಟ ಪಂಪು.

೧೯೯೮ರ ಅಕ್ಟೋಬರ್ ೨೯ರಂದು ಡಿಸ್ಕವರಿ ಎಂಬ ಅಂತರಿಕ್ಷ ನೌಕೆ ಮೇಲೇರಿದಾಗ ಲೋಕದ ದೃಷ್ಟಿಯೆಲ್ಲ ಅದರಲ್ಲಿದ್ದ ಒಬ್ಬ ವೃದ್ಧರ ಮೇಲಿತ್ತು. ೧೯೬೨ರಲ್ಲಿ ಭೂಮಿಯನ್ನು ಸುತ್ತಿದ ಮೊದಲ ಅಮೆರಿಕನ್ನರಾದ ಜಾನ್ ಗ್ಲೆನ್ ೭೭ನೆಯ ವಯಸ್ಸಿನಲ್ಲಿ ಮತ್ತೆ ಆಕಾಶಕ್ಕೆ ಹೊರಟಿದ್ದರು. ಅದೇ ನೌಕೆಯ ಒಂದು ಮೂಲೆಯಲ್ಲಿ ಯಂತ್ರನಾಸಿಕವೂ ಸದ್ದಿಲ್ಲದೆ ತನ್ನ ಮೊದಲ ಯಾನ ಮಾಡಿತು. ಅದು ಎಚ್ಚರವಾಗಿದೆಯೋ ನಿದ್ರಿಸುತ್ತಿದೆಯೋ ಎಂದು ತಿಳಿಯಲು ಯಾನಿಗಳು ದಿನಕ್ಕೊಮ್ಮೆ ಸೂಜಿಮದ್ದಿಗೆ ಮೊದಲು ಚರ್ಮ ಒರೆಸುವಂತಹ ಸ್ಪಿರಿಟ್ಟಿನ ತುಂಡನ್ನು ಅದರ ಬಳಿ ಹಿಡಿಯುತ್ತಿದ್ದರು. ಆರು ದಿನಗಳ ಬರಹವನ್ನು ಭೂಮಿಯ ಮೇಲೆ ಓದಿ ನೋಡಿದಾಗ ಪೆಟ್ಟಿಗೆ ಆ ತುಂಡುಗಳನ್ನು ಗುರುತಿಸಿತ್ತು. ಗಾಳಿಯ ತೇವದ ಏರಿಳಿತಗಳನ್ನು ಗುರುತಿಸಿತ್ತು. ಇಲ್ಲದ ವಿಷವನ್ನು ಇದೆಯೆಂದು ಹೇಳಿರಲಿಲ್ಲ. ಕಾವಲುಗಾರನಿಗೆ ಕಳ್ಳನನ್ನು ಹಿಡಿಯುವುದು ಎಷ್ಟು ಮುಖ್ಯವೋ, ನೆಂಟನನ್ನು ಕಳ್ಳನೆಂದು ಕೂಗದಿರುವುದೂ ಅಷ್ಟೇ ಮುಖ್ಯ.

ಹತ್ತು ವರ್ಷಗಳ ಅನಂತರ, ೨೦೦೮ರ ನವೆಂಬರಿನಲ್ಲಿ, ಸುಧಾರಿಸಿದ ಮೂರನೆಯ ಪೀಳಿಗೆಯ ಪೆಟ್ಟಿಗೆ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಯಿತು. ಅಲ್ಲಿ ಅದು ಏಳು ತಿಂಗಳು ಕೆಲಸ ಮಾಡಿತು. ಪಾದರಸದ ಆವಿ, ಗಂಧಕದ ಡೈಆಕ್ಸೈಡ್ ಮೊದಲಾದ ಅಪಾಯಕಾರಿ ವಸ್ತುಗಳನ್ನು ಗುರುತಿಸುವಂತೆ ಅದಕ್ಕೆ ಪಾಠವಾಗಿತ್ತು. ನಿಲ್ದಾಣದ ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದ ಫಾರ್ಮಾಲ್ಡಿಹೈಡ್, ಮೆಥನಾಲ್, ಎಥನಾಲ್ ಮತ್ತು ತಂಪುಯಂತ್ರದ ಫ್ರಿಯಾನ್ ಅನಿಲಗಳನ್ನು ಅದು ಕಂಡುಹಿಡಿಯಿತು.

ಅತ್ಯಲ್ಪವೆಂದರೆ ಎಷ್ಟು? ಮನೆಯ ಮೇಲಿನ ಸಾವಿರ ಲೀಟರಿನ ನೀರಿನ ತೊಟ್ಟಿಗೆ ಇಪ್ಪತ್ತು ಹನಿ ಶಾಯಿ ಹಾಕಿದರೆ ಅದು ಸುಮಾರಾಗಿ ಹತ್ತು ಲಕ್ಷದಲ್ಲಿ ಒಂದು ಪಾಲು. ಈ ಕಾವಲುಗಾರನ ಲೆಕ್ಕಾಚಾರವೆಲ್ಲ ಇಂತಹ ಪಾಲುಗಳಲ್ಲಿ ನಡೆಯುತ್ತದೆ.

ಗುಣದೊಡನೆ ದೋಷ

ಪೊರೆಯಲ್ಲಿ ದೋಷವಿಲ್ಲವೆಂದಲ್ಲ. ಅದರ ಮೊದಲ ಶತ್ರು ನೀರಾವಿ. ಬೆವರು, ಉಸಿರು, ಮಳೆಗಾಲದ ತೇವ ಎಲ್ಲಕ್ಕೂ ಅದು ಉಬ್ಬುತ್ತದೆ. ಇದನ್ನು ಕಳೆದು ನೋಡುವ ಲೆಕ್ಕ ಸುಲಭವಲ್ಲ. ಬಿಸಿಲು ಏರಿದರೆ, ಚಳಿ ಇಳಿದರೆ ಅದರ ನಡತೆ ಬದಲಾಗುತ್ತದೆ. ವಯಸ್ಸಾದಂತೆ ಪೊರೆಯ ಸ್ವಭಾವವೂ ಸರಿಯುತ್ತದೆ. ಹಳೆಯ ತಕ್ಕಡಿಯನ್ನು ಆಗಾಗ ಸರಿನೋಡುವಂತೆ ಅದನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ಹಲವು ಆವಿಗಳು ಒಮ್ಮೆಗೇ ಬೆರೆತು ಬಂದರೆ ವಿನ್ಯಾಸಗಳು ಒಂದರ ಮೇಲೊಂದು ಬಿದ್ದು ಗಣಕಯಂತ್ರ ತಬ್ಬಿಬ್ಬಾಗಬಹುದು. ಕಲಿಸದಿದ್ದ ಆವಿ ಬಂದರೆ ಏನೋ ಬಂದಿತೆನ್ನಬಲ್ಲುದೇ ಹೊರತು ಹೆಸರು ಹೇಳಲಾರದು. ಈ ಕಾರಣಗಳಿಂದಲೇ ಕಾರ್ಖಾನೆಗಳಲ್ಲಿಯೂ ಚರಂಡಿ ಕೆಲಸದಲ್ಲಿಯೂ ಇಂದು ಬಳಕೆಯಲ್ಲಿರುವ ಬಹುತೇಕ ಕೈಯುಪಕರಣಗಳು ಬೇರೆ ತತ್ವಗಳ ಮೇಲೆ, ಒಂದೊಂದು ಅನಿಲಕ್ಕೆ ಒಂದೊಂದು ಸಂವೇದಕದಂತೆ, ಕೆಲಸ ಮಾಡುತ್ತವೆ. ಪೊರೆಗಳ ಗುಂಪಿನ ಹಿರಿಮೆ ಇರುವುದು ಅನೇಕ ಆವಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕಾಯುವುದರಲ್ಲಿ.

ಎಚ್ಚರಿಕೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ೨೦೧೫ರ ಜನವರಿ ೧೪ರ ಘಟನೆಯೊಂದು ಉದಾಹರಣೆ. ಅಂತರಿಕ್ಷ ನಿಲ್ದಾಣದ ಹೊರಮೈಯ ಕೊಳವೆಗಳಲ್ಲಿ ತಂಪಿಗಾಗಿ ಅಮೋನಿಯ ಹರಿಯುತ್ತದೆ; ಅದು ಒಳಗೆ ಸೋರಿದರೆ ಪ್ರಾಣಕ್ಕೇ ಸಂಚಕಾರ. ಆ ದಿನ ಒಳಗಿನ ನೀರಿನ ಕೊಳವೆಯ ಒತ್ತಡ ಏರಿದಂತೆ ಅಳತೆ ತೋರಿಸಿತು; ಅಮೋನಿಯ ನುಗ್ಗಿರಬಹುದೆಂದು ಎಚ್ಚರಿಕೆ ಮೊಳಗಿತು. ಆರು ಮಂದಿ ಯಾನಿಗಳೂ ರಷ್ಯದ ಭಾಗಕ್ಕೆ ಓಡಿ ಬಾಗಿಲು ಮುಚ್ಚಿಕೊಂಡರು. ಗಂಟೆಗಟ್ಟಲೆ ಕಾದ ಮೇಲೆ, ಅಮೋನಿಯ ಸೋರಿಯೇ ಇರಲಿಲ್ಲ, ಸುದ್ದಿ ಸಾಗಿಸುವ ವಿದ್ಯುತ್ ಪೆಟ್ಟಿಗೆಯೊಂದು ಕೆಟ್ಟಿತ್ತು ಎಂದು ತಿಳಿಯಿತು. ಯಾನಿಗಳು ಮುಖವಾಡ ಧರಿಸಿಯೇ ಒಳಹೊಕ್ಕು ಗಾಳಿಯನ್ನು ಪರೀಕ್ಷಿಸಿದ ನಂತರ ನೆಮ್ಮದಿಯ ಉಸಿರು ಬಿಟ್ಟರು. ಕೊಳವೆಯ ಒತ್ತಡದಿಂದ ವಿಷವನ್ನು ಊಹಿಸುವುದಕ್ಕೂ, ಗಾಳಿಯನ್ನೇ ಮೂಸಿ ವಿಷವನ್ನು ಅರಿಯುವುದಕ್ಕೂ ಇರುವ ಅಂತರವನ್ನು ಆ ದಿನ ತೋರಿಸಿಕೊಟ್ಟಿತು. ಆದರೂ ಯಾನಿಗಳು ಓಡಿದ್ದು ತಪ್ಪಲ್ಲ. ಎಚ್ಚರಿಕೆಯನ್ನು ಕೇಳಿದೊಡನೆ ನಂಬಿ ನಡೆದದ್ದೇ ಅವರ ಶಿಸ್ತು.

ಅರಿತರೆ ಸಾಲದು, ಸಾರಬೇಕು

ಆಕಾಶದಲ್ಲಿ ಆರು ಜನರಿಗಾಗಿ ಇಷ್ಟು ಜಾಗರೂಕತೆ. ನೆಲದ ಮೇಲೆ ಸಾವಿರಾರು ಜನರ ನೆರೆಯಲ್ಲಿ ನಡೆದುದೇನು?

೧೯೮೪ರ ಡಿಸೆಂಬರ್ ೨ರ ರಾತ್ರಿ ಭೋಪಾಲದಲ್ಲಿ ಕೀಟನಾಶಕದ ಕಾರ್ಖಾನೆಯ ತೊಟ್ಟಿಯೊಂದರಿಂದ ಸುಮಾರು ೪೦ ಟನ್ನಿನಷ್ಟು ಮೀಥೈಲ್ ಐಸೊಸಯನೇಟ್ ಆವಿಯಾಗಿ ಮಲಗಿದ್ದ ಊರಿನ ಮೇಲೆ ಹರಡಿತು. ಆ ಕಾರ್ಖಾನೆಯಲ್ಲಿ ಸೋರಿಕೆಯನ್ನು ಕೆಲಸಗಾರರು ತಿಳಿಯುತ್ತಿದ್ದುದು ತಮ್ಮ ಕಣ್ಣುರಿಯಿಂದ. ಅಂದರೆ, ಗಣಿಯಲ್ಲಿ ಹಕ್ಕಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಮನುಷ್ಯನೇ ಮಾಡುತ್ತಿದ್ದನು. ಊರಿಗೆ ಎಚ್ಚರಿಕೆ ತಲುಪುವ ಹೊತ್ತಿಗೆ ಬೀದಿಗಳಲ್ಲಿ ಜನ ಬೀಳುತ್ತಿದ್ದರು. ಸಾವಿರಾರು ಮಂದಿ ಸತ್ತರು. ಬದುಕಿ ಉಳಿದವರಲ್ಲಿ ಅನೇಕರು ಕೆಟ್ಟ ಕಣ್ಣು, ಕೆಟ್ಟ ಶ್ವಾಸಕೋಶಗಳೊಡನೆ ಬಾಳು ಸವೆಸಬೇಕಾಯಿತು.

ಮೂವತ್ತೈದು ವರ್ಷಗಳು ಕಳೆದವು. ೨೦೨೦ರ ಮೇ ೭ರ ನಸುಕಿನಲ್ಲಿ ವಿಶಾಖಪಟ್ಟಣದ ಹೊರವಲಯದ ಕಾರ್ಖಾನೆಯೊಂದರ ತೊಟ್ಟಿಯಿಂದ ಸ್ಟೈರೀನ್ ಎಂಬ ದ್ರವದ ಆವಿ ಹೊಮ್ಮಿ ನೆರೆಯ ಮನೆಗಳೊಳಗೆ ನುಗ್ಗಿತು. ಸ್ಟೈರೀನ್ ಎಂಬುದು ಪಾಲಿಸ್ಟೈರೀನ್ ಎಂಬ ಪಾಲಿಮರಿಗೆ ಮೂಲವಸ್ತು. ಪೊರೆಯಾಗಿ ಪ್ರಾಣ ಕಾಯಬಲ್ಲ ವಸ್ತುಗಳ ಬಳಗದಲ್ಲಿಯೇ ಪ್ರಾಣ ತೆಗೆಯುವ ಆವಿಯೂ ಹುಟ್ಟುವುದು ವಿಪರ್ಯಾಸವೇ ಸರಿ. ಹನ್ನೆರಡು ಮಂದಿ ಮಡಿದರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಕಾರ್ಖಾನೆಯಲ್ಲಿ ಎಚ್ಚರಿಕೆಯ ಸೈರನ್ ಇತ್ತು. ಆದರೆ ಅಂದು ಅದು ಕೂಗಲಿಲ್ಲವೆಂದು ಸರ್ಕಾರ ನೇಮಿಸಿದ ಸಮಿತಿ ತನ್ನ ವರದಿಯಲ್ಲಿ ಹೇಳಿತು.

ಈ ಎರಡು ರಾತ್ರಿಗಳೂ ಸಾರುವ ನೀತಿ ಒಂದೇ. ಆವಿಯನ್ನು ಅರಿಯುವುದು ಅರ್ಧ ಕೆಲಸ. ಅರಿತುದನ್ನು ಸಾರುವುದು ಇನ್ನರ್ಧ. ಪೊರೆ ಉಬ್ಬಬಲ್ಲುದು, ಗಣಕಯಂತ್ರ ಹೆಸರು ಹೇಳಬಲ್ಲುದು. ಮುಂದೆ ಸೈರನ್ ಒತ್ತುವ ಕೈ, ಬಾಗಿಲು ತಟ್ಟುವ ಕೈ, ಯಾವ ಕಡೆಗೆ ಓಡಬೇಕೆಂದು ಮೊದಲೇ ಜನರಿಗೆ ತಿಳಿಸಿಟ್ಟ ವ್ಯವಸ್ಥೆ ಇವೆಲ್ಲ ಮನುಷ್ಯನವೇ ಆಗಬೇಕು. ಚರಂಡಿಯ ಗುಂಡಿಯ ಮಾತೂ ಇದೇ. ಅದರೊಳಗೆ ಮನುಷ್ಯನನ್ನು ರಕ್ಷಣೆಯಿಲ್ಲದೆ ಇಳಿಸುವುದನ್ನು ೨೦೧೩ರ ಕಾನೂನು ನಿಷೇಧಿಸಿದೆ. ಗಾಳಿಯನ್ನು ಅಳೆಯುವ ಉಪಕರಣಗಳು ಪೇಟೆಯಲ್ಲಿ ದೊರೆಯುತ್ತವೆ. ಕೊರತೆಯಿರುವುದು ಉಪಕರಣಕ್ಕಲ್ಲ, ಅದನ್ನು ಮೊದಲು ಇಳಿಬಿಡಬೇಕೆಂಬ ಮನಸ್ಸಿಗೆ.

ಪಸಡೀನದ ಪೆಟ್ಟಿಗೆಯಲ್ಲಿದ್ದ ೩೨ ಸಂವೇದಕಗಳಿಗೆ ಪ್ರಾಣವಿರಲಿಲ್ಲ, ನೋವಿರಲಿಲ್ಲ. ಹಕ್ಕಿಯ ಸಾವನ್ನೂ ಕೆಲಸಗಾರನ ಕಣ್ಣುರಿಯನ್ನೂ ಅವು ಬೇಡಲಿಲ್ಲ. ಕಾಣದ ಶತ್ರು ಬಂದಾಗ ಎಳ್ಳಷ್ಟು ಉಬ್ಬಿ, ಹೋದಾಗ ಎಳ್ಳಷ್ಟು ಕುಗ್ಗಿ, ತಮ್ಮ ಪಾಲಿನ ಸತ್ಯವನ್ನು ಹೇಳುತ್ತಿದ್ದವು. ೧೯೭೫ರ ಆ ದಿನ ತಲೆಕೆಳಗಾಗಿ ತೇಲುತ್ತಿದ್ದ ನೌಕೆಯಲ್ಲಿ ವ್ಯಾನ್ಸ್ ಬ್ರ್ಯಾಂಡರ ಮುಖಕ್ಕೆ ಮುಖವಾಡ ಒತ್ತಿ ಹಿಡಿದದ್ದು ಮಾತ್ರ ಯಾವ ಯಂತ್ರವೂ ಅಲ್ಲ. ಪಕ್ಕದಲ್ಲಿದ್ದ ಗೆಳೆಯನ ಕೈ. ಎಷ್ಟು ಸೂಕ್ಷ್ಮವಾದ ಪೊರೆ ಬಂದರೂ ಆ ಕೈಯ ಕೆಲಸ ಮುಗಿಯುವುದಿಲ್ಲ.